ಲಾಭಕ್ಕಿಂತ ಮೊದಲು ಬದಲಾದದ್ದು ಬಿಲ್ಲಿನ ತಾರೀಖು

ನಮ್ಮದು ಯಂತ್ರಗಳ ದುರಸ್ತಿ ಮಾಡಿಕೊಡುವ ಕಂಪನಿ. ಕೆಲಸವನ್ನೆಲ್ಲ ಡಿಜಿಟಲ್ ಮಾಡಲು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ: ಲಾಭ ಎಷ್ಟು ಜಾಸ್ತಿ ಆಗುತ್ತೆ? ಲೆಕ್ಕಪತ್ರ ನನ್ನ ಕೈಯಲ್ಲಿತ್ತು. ಮೊದಲ ವರ್ಷ ಲಾಭ ಇಳಿಯಬಹುದು ಎಂದು ಮುಂಚೆಯೇ ಹೇಳಿದೆ. ಸಾಫ್ಟ್‌ವೇರ್ ಚಂದಾ, ತರಬೇತಿ, ಹಳೇ ದಾಖಲೆ ತುಂಬುವ ಕೆಲಸ, ಎಲ್ಲದರ ಖರ್ಚೂ ಮೊದಲೇ ಬೀಳುತ್ತದೆ. ಫಲ ಆಮೇಲಿನದು.

ಹಾಗಾಗಿ ಫಲ ಅಳೆಯಲು ಹಣ ಬರುವ ದಾರಿಯನ್ನೇ ಹಿಡಿದೆ. ಕೆಲಸ ಮುಗಿದ ದಿನ, ಬಿಲ್ ಆದ ದಿನ, ಹಣ ಬ್ಯಾಂಕಿಗೆ ಬಿದ್ದ ದಿನ. ಹಳೇ ಪದ್ಧತಿ ಇರುವಾಗಲೇ ಈ ಮೂರನ್ನೂ ಬರೆದಿಟ್ಟುಕೊಂಡೆ. ಮುಂಚಿನ ಲೆಕ್ಕ ಇಲ್ಲದಿದ್ದರೆ ಆಮೇಲೆ ಹೇಳುವುದೆಲ್ಲ ಸುಮ್ನೆ ಬಾಯಿಮಾತು.

ಆಗ ತಂತ್ರಜ್ಞರು ಗ್ರಾಹಕರ ಸಹಿ ಹಾಕಿಸಿಕೊಂಡ ಜಾಬ್ ಕಾರ್ಡುಗಳನ್ನು (ಮಾಡಿದ ಕೆಲಸ ಬರೆಯುವ ಚೀಟಿ) ಬ್ಯಾಗಿನಲ್ಲೇ ಇಟ್ಟುಕೊಂಡು, ವಾರಕ್ಕೊಮ್ಮೆ ಒಟ್ಟಿಗೆ ತಂದು ಕೊಡುತ್ತಿದ್ದರು. ಆಮೇಲೆ ಬಿಲ್. ಹಣ ಕೊಡುವ ಗಡುವು ಶುರುವಾಗುವುದೇ ಬಿಲ್ಲಿನ ತಾರೀಖಿನಿಂದ ಅಲ್ವಾ? ವಸೂಲಿಯ ದಿನಗಳನ್ನೂ ಅಲ್ಲಿಂದಲೇ ಎಣಿಸುತ್ತಿದ್ದೆವು. ಕಾರ್ಡು ಬ್ಯಾಗಿನಲ್ಲಿ ಕಳೆದ ದಿನಗಳು ಯಾವ ವರದಿಯಲ್ಲೂ ಕಾಣುತ್ತಿರಲಿಲ್ಲ. ಎಷ್ಟೋ ಕಾರ್ಡುಗಳಲ್ಲಿ ಹಾಕಿದ ಬೇರಿಂಗು, ಬೆಲ್ಟುಗಳ ಹೆಸರೇ ಇರುತ್ತಿರಲಿಲ್ಲ. ಅವು ಸ್ಟಾಕಿನಿಂದ ಹೋಗುತ್ತಿದ್ದವು, ಬಿಲ್ಲಿಗೆ ಬರುತ್ತಿರಲಿಲ್ಲ.

ಈಗ ಬಿಡಿಭಾಗವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರಷ್ಟೇ ಕೆಲಸ ಮುಗಿಯಿತು ಅಂತ ದಾಖಲಾಗುತ್ತದೆ. ಸಹಿಯೂ ಅಲ್ಲೇ. ಅದೇ ದಿನ ಬಿಲ್ ಹೋಗುತ್ತದೆ. ದಿನದ ಮಾರಾಟ 100 ಎಂದಿಟ್ಟುಕೊಳ್ಳಿ. ಹಣ 5 ದಿನ ಬೇಗ ಬಂದರೆ 500 ಕೈಗೆ ಬಿಡುಗಡೆ. ಅದು ಸಿಗುವುದು ಒಂದೇ ಸಲ. ಆದರೆ ಅಷ್ಟು ಓವರ್‌ಡ್ರಾಫ್ಟ್ (ಖಾತೆಯ ಮೇಲೆ ಬ್ಯಾಂಕ್ ಕೊಡುವ ಸಾಲ) ಇಳಿಸಿದರೆ ಬಡ್ಡಿ ಪ್ರತಿ ವರ್ಷವೂ ಉಳಿಯುತ್ತದೆ. ನಮಗೆ ಮೊದಲು ಫಲ ಕಂಡದ್ದು ಈ ಬಡ್ಡಿ ಖಾತೆಯಲ್ಲಿ. ಬಿಟ್ಟುಹೋಗುತ್ತಿದ್ದ ಬಿಡಿಭಾಗಗಳ ದುಡ್ಡು ಆಮೇಲೆ ನೇರವಾಗಿ ಲಾಭಕ್ಕೆ ಸೇರಿತು. ಮಾರಾಟ ಹೆಚ್ಚಿದ್ದು ಇದರಿಂದಲೇ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ.

ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲೇ ಬರೆದಿದ್ದರು. ಅದಕ್ಕೆ ಒಂದು ಕಾರಣ ನನಗೆ ನಮ್ಮ ಸ್ಟೋರಿನಲ್ಲೇ ಸಿಕ್ಕಿತು. ಅಲ್ಲಿ ಸಿಸ್ಟಮ್ಮಿಗೆ ಹಾಕಿದ್ದನ್ನೇ ರಿಜಿಸ್ಟರಿನಲ್ಲೂ ಬರೆಯುತ್ತಿದ್ದರು. ಖರ್ಚು ಎರಡು ಪಟ್ಟು, ಫಲ ಇಲ್ಲ. ಸ್ಟಾಕ್ ಎಣಿಸಿ ತಾಳೆ ನೋಡಿ, ಒಂದು ತಾರೀಖು ಗೊತ್ತುಮಾಡಿ ರಿಜಿಸ್ಟರ್ ನಿಲ್ಲಿಸಿದೆವು. ಅದನ್ನು ಬರೆಯುತ್ತಿದ್ದವರು ಈಗ ಗಡುವು ಮೀರಿದ ಬಿಲ್ಲುಗಳಿಗೆ ಫೋನ್ ಮಾಡುತ್ತಾರೆ. ವಾರದ ಬಾಕಿ ಪಟ್ಟಿ ತಯಾರಿಸುವುದೂ ಅವರೇ.