ಬರಬೇಕಾದವರು, ಬಂದವರು: ಕ್ಲಿನಿಕ್ಕಿಗೆ ಡೇಟಾಬೇಸ್ ಮಾದರಿ ರೂಪಿಸಿದ ನನ್ನ ಅನುಭವ

ಆರು ವೈದ್ಯರಿರುವ ಒಂದು ಕ್ಲಿನಿಕ್ಕಿಗೆ ಡೇಟಾಬೇಸ್ ರೂಪಿಸಿಕೊಡುವ ಕೆಲಸ ಬಂದಾಗ, ಅದುವರೆಗೆ ದಾಸ್ತಾನು ಮತ್ತು ಬಿಲ್ಲಿಂಗ್ ವ್ಯವಸ್ಥೆಗಳನ್ನಷ್ಟೇ ಮಾಡಿ ಅಭ್ಯಾಸವಿದ್ದ ನಾನು ಇದನ್ನು ಸಲೀಸೆಂದೇ ಎಣಿಸಿದ್ದೆ. ರೋಗಿ, ವೈದ್ಯ, ಅಪಾಯಿಂಟ್‌ಮೆಂಟ್, ಬಿಲ್ಲು ಎಂದು 4 ಚೌಕಗಳನ್ನು ಬರೆದು, ನಡುವೆ ಗೆರೆ ಎಳೆದು, ಒಂದೇ ಸಂಜೆಯಲ್ಲಿ ಇಆರ್ (ಎಂಟಿಟಿ-ರಿಲೇಶನ್‌ಶಿಪ್) ನಕ್ಷೆ, ಅಂದರೆ ಯಾವ ಸಂಗತಿಗಳ ಮಾಹಿತಿ ಇಡಬೇಕು, ಅವುಗಳ ನಡುವಿನ ಸಂಬಂಧವೇನು ಎಂದು ತೋರಿಸುವ ಚಿತ್ರ, ಮುಗಿಸಿದೆ. ಕೊನೆಗೆ ಬಳಕೆಗೆ ಬಂದ ನಕ್ಷೆಯಲ್ಲಿ 17 ಎಂಟಿಟಿಗಳು, ಅಂದರೆ ಅಂತಹ ಚೌಕಗಳು, ಇದ್ದವು.

ಮೊದಲ ನಕ್ಷೆಯ ದೋಷ ಕಂಡದ್ದು ನೋಂದಣಿ ಮೇಜಿನ ಪಕ್ಕದಲ್ಲಿ ಎರಡು ದಿನ ಸುಮ್ಮನೆ ಕುಳಿತು ನೋಡಿದ ಮೇಲೆ. ಅಪಾಯಿಂಟ್‌ಮೆಂಟ್ ಪಡೆದ ಕೆಲವರು ಬರಲೇ ಇಲ್ಲ. ಪಡೆಯದ ಹಲವರು ನೇರವಾಗಿ ಬಂದರು. ಒಬ್ಬ ವೈದ್ಯರ ಬಳಿ ಸಮಯ ಗೊತ್ತುಮಾಡಿಕೊಂಡಿದ್ದವರನ್ನು, ಆ ವೈದ್ಯರು ತುರ್ತು ಪ್ರಕರಣವೊಂದರಲ್ಲಿ ಸಿಕ್ಕಿಕೊಂಡದ್ದರಿಂದ, ಇನ್ನೊಬ್ಬರು ಪರೀಕ್ಷಿಸಿದರು. ನಾನಾದರೋ ರೋಗನಿರ್ಣಯ, ಔಷಧ ಚೀಟಿ, ಬಿಲ್ಲು ಎಲ್ಲವನ್ನೂ ಅಪಾಯಿಂಟ್‌ಮೆಂಟಿಗೇ ಕಟ್ಟಿಹಾಕಿದ್ದೆ. ಹಾಗೆಯೇ ಬಿಟ್ಟಿದ್ದರೆ ನೇರವಾಗಿ ಬಂದ ಪ್ರತಿಯೊಬ್ಬರಿಗೂ ಸಿಬ್ಬಂದಿ ಇಲ್ಲದ ಅಪಾಯಿಂಟ್‌ಮೆಂಟೊಂದನ್ನು ಸೃಷ್ಟಿಸಬೇಕಾಗುತ್ತಿತ್ತು, ತಪ್ಪಿಸಿಕೊಂಡವರ ಲೆಕ್ಕಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ.

ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲಿ ಇಆರ್ ಮಾದರಿಯನ್ನು ಮಂಡಿಸಿದಾಗ ಸಂಬಂಧಕ್ಕೂ ವಜ್ರಾಕೃತಿಯ ಸ್ವಂತ ಸ್ಥಾನವೊಂದನ್ನು ಕೊಟ್ಟಿದ್ದರು, ಅದರೊಳಗೆ ಸಂಬಂಧದ ಹೆಸರನ್ನು ಬರೆಯಬೇಕು. ನಾನು ರೂಢಿಯಂತೆ ಬಳಸಿದ್ದ ಕ್ರೋಸ್ ಫೂಟ್ ಪದ್ಧತಿಯಲ್ಲಾದರೆ ಸಂಬಂಧವೆಂಬುದು ಬರಿಯ ಗೆರೆ, ಹೆಸರಿಡದಿದ್ದರೂ ನಡೆದುಹೋಗುತ್ತದೆ. ನಕ್ಷೆಯನ್ನು ಚೆನ್ ಅವರ ರೀತಿಯಲ್ಲಿ ಮತ್ತೆ ಬರೆಯಲು ಕುಳಿತಾಗ, ರೋಗಿ ಮತ್ತು ವೈದ್ಯರ ನಡುವಿನ ವಜ್ರದೊಳಗೆ ‘ನೋಡಬೇಕು’ ಎಂದು ಬರೆಯುವುದೋ ‘ನೋಡಿದರು’ ಎಂದು ಬರೆಯುವುದೋ ಎಂಬಲ್ಲಿ ಕೈ ನಿಂತಿತು. ಒಂದು ಉದ್ದೇಶ, ಇನ್ನೊಂದು ಘಟನೆ; ಎರಡನ್ನೂ ಒಂದೇ ಚೌಕದಲ್ಲಿ ತುರುಕಿದ್ದೆ.

ಹೀಗಾಗಿ ‘ಭೇಟಿ’ ಎಂಬ ಸ್ವತಂತ್ರ ಎಂಟಿಟಿ ಹುಟ್ಟಿತು. ಅಪಾಯಿಂಟ್‌ಮೆಂಟಿಗೂ ಭೇಟಿಗೂ ಒಂದಕ್ಕೊಂದರ ಸಂಬಂಧವಿದೆಯಾದರೂ ಎರಡೂ ಕಡೆಯಿಂದ ಅದು ಐಚ್ಛಿಕ. ಭೇಟಿಯ ಟೇಬಲ್ಲಿನಲ್ಲಿ ಅಪಾಯಿಂಟ್‌ಮೆಂಟಿನ ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ಸೂಚಿಸುವ ಗುರುತು) ಇಟ್ಟು, ಅದು ಖಾಲಿ ಇರಬಹುದು, ಆದರೆ ತುಂಬಿದರೆ ಮರುಕಳಿಸಬಾರದು ಎಂಬ ನಿರ್ಬಂಧ ಹಾಕಿದೆ. ವೈದ್ಯರ ಕೀ ಎರಡೂ ಟೇಬಲ್ಲುಗಳಲ್ಲಿರುವುದನ್ನು ನೋಡಿ ಸಹೋದ್ಯೋಗಿಯೊಬ್ಬರು ಇದು ಪುನರಾವರ್ತನೆ ಎಂದು ಆಕ್ಷೇಪಿಸಿದರು. ಗೊತ್ತಾಗಿದ್ದ ವೈದ್ಯರು ಒಬ್ಬರು, ನೋಡಿದವರು ಇನ್ನೊಬ್ಬರು ಆಗಬಹುದಾದ್ದರಿಂದ ಅವು ಎರಡು ಬೇರೆ ಸಂಗತಿಗಳು ಎಂದು ವಿವರಿಸಿದೆ.

ಇದೇ ಎಚ್ಚರ ಬಿಲ್ಲಿನಲ್ಲಿ ನನಗೇ ತಪ್ಪಿತ್ತು. ಅನಗತ್ಯ ಪುನರಾವರ್ತನೆ ತಪ್ಪಿಸುವ ನಿಯಮವಾದ ಮೂರನೆಯ ನಾರ್ಮಲ್ ಫಾರ್ಮಿನ ಹುಮ್ಮಸ್ಸಿನಲ್ಲಿ, ಶುಲ್ಕ ಸೇವೆಗಳ ಟೇಬಲ್ಲಿನಲ್ಲಿ ಇದ್ದೇ ಇದೆಯಲ್ಲ ಎಂದು ಬಿಲ್ಲಿನ ಸಾಲಿನಿಂದ ಮೊತ್ತವನ್ನು ತೆಗೆದುಹಾಕಿದ್ದೆ. ಪ್ರಾಯೋಗಿಕ ಬಳಕೆಯ ಸಮಯದಲ್ಲಿ ಶುಲ್ಕ ಬದಲಿಸಿದ ಕೂಡಲೇ ಹಳೆಯ ಬಿಲ್ಲುಗಳೆಲ್ಲ ಹೊಸ ಮೊತ್ತವನ್ನು ತೋರಿಸತೊಡಗಿದವು. ಇಂದಿನ ಶುಲ್ಕ ಬೇರೆ, ಅಂದು ವಿಧಿಸಿದ ಶುಲ್ಕ ಬೇರೆ.

ಹೆಚ್ಚು ಸಮಯ ಹಿಡಿದದ್ದು ಔಷಧದ ಭಾಗ. ಔಷಧ ಚೀಟಿಗೂ ಔಷಧಕ್ಕೂ ಅನೇಕದಿಂದ ಅನೇಕಕ್ಕೆ ಸಂಬಂಧವಿರುವುದರಿಂದ ನಡುವೆ ‘ಚೀಟಿಯ ಸಾಲು’ ಎಂಬ ದುರ್ಬಲ ಎಂಟಿಟಿ (ಇನ್ನೊಂದರ ಆಧಾರವಿಲ್ಲದೆ ಗುರುತಿಸಲಾಗದ್ದು) ಬೇಕಾಯಿತು. ಪ್ರಮಾಣ, ದಿನಕ್ಕೆ ಎಷ್ಟು ಬಾರಿ, ಎಷ್ಟು ದಿನ ಎಂಬ ವಿವರಗಳಿಗೆ ಅದೇ ಸರಿಯಾದ ಜಾಗ. ಆದರೆ ಅಲರ್ಜಿಯನ್ನು ಎಲ್ಲಿಗೆ ಜೋಡಿಸುವುದು? ನಾನು ಮೊದಲು ಬ್ರಾಂಡಿನ ಹೆಸರಿಗೆ ಜೋಡಿಸಿದ್ದೆ. ಪೆನಿಸಿಲಿನ್ ವರ್ಗದ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್ ಒಂಟಿಯಾಗಿಯೂ ಬರುತ್ತದೆ, ಕ್ಲಾವುಲಾನಿಕ್ ಆಮ್ಲದೊಡನೆ ಸೇರಿಯೂ ಬರುತ್ತದೆ, ಹಲವು ಬ್ರಾಂಡುಗಳ ಹೆಸರಿನಲ್ಲಿ ಮಾರಾಟವಾಗುತ್ತದೆ. ಹೆಸರು ಬದಲಾದರೆ ಎಚ್ಚರಿಕೆಯೇ ಮೂಡದು. ಆದ್ದರಿಂದ ಉತ್ಪನ್ನ, ಘಟಕದ್ರವ್ಯ, ಔಷಧವರ್ಗ ಎಂದು ಮೂರಾಗಿ ಬಿಡಿಸಿ, ಅಲರ್ಜಿಯನ್ನು ಘಟಕದ್ರವ್ಯಕ್ಕೋ ಪೆನಿಸಿಲಿನ್‌ನಂತಹ ವರ್ಗಕ್ಕೋ ಜೋಡಿಸಿದೆ. ಇದಲ್ಲದೆ, ಅಲರ್ಜಿಯ ಟೇಬಲ್ಲಿನಲ್ಲಿ ರೋಗಿಯ ಸಾಲು ಇಲ್ಲವೆಂದ ಮಾತ್ರಕ್ಕೆ ಅಲರ್ಜಿ ಇಲ್ಲವೆಂದಲ್ಲ, ಯಾರೂ ಕೇಳಿಯೇ ಇರಲಿಕ್ಕಿಲ್ಲ. ‘ಕೇಳಲಾಗಿದೆ, ಇಲ್ಲ ಎಂದಿದ್ದಾರೆ’ ಎಂಬುದನ್ನು ದಿನಾಂಕದೊಡನೆ ದಾಖಲಿಸಲು ಪ್ರತ್ಯೇಕ ಅವಕಾಶ ಮಾಡಿದೆ.

ರೋಗನಿರ್ಣಯದ ಸಂಕೇತದ ಜೊತೆಗೆ ಅದರ ಆವೃತ್ತಿಯನ್ನೂ ಕೀಯ ಭಾಗವಾಗಿಸಿದೆ. ಅಸ್ತಮಾಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಜೆ45, 2022ರಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ ಸಿಎ23. ಆವೃತ್ತಿ ಗೊತ್ತಿಲ್ಲದ ಸಂಕೇತ ಮುಂದೆ ಓದುವವರಿಗೆ ಒಗಟಾಗುತ್ತದೆ. ಫೋನ್ ಸಂಖ್ಯೆಯನ್ನು ರೋಗಿಯ ಪ್ರೈಮರಿ ಕೀ (ಪ್ರತಿ ರೋಗಿಗೂ ಬೇರೆಯೇ ಇರಬೇಕಾದ ಗುರುತು) ಮಾಡುವ ಯೋಚನೆಯಂತೂ ಮೊದಲ ದಿನವೇ ಬಿದ್ದುಹೋಯಿತು: ತಾಯಿಯೊಬ್ಬರು ಇಬ್ಬರು ಮಕ್ಕಳನ್ನೂ ತಮ್ಮ ಸಂಖ್ಯೆಯಲ್ಲೇ ನೋಂದಾಯಿಸಿದರು.

ಇಆರ್ ನಕ್ಷೆಯಲ್ಲಿ ಹೇಳಲಾಗದ ಒಂದು ನಿಯಮ ಮಾತ್ರ ಉಳಿದಿತ್ತು. ಒಬ್ಬ ವೈದ್ಯರ ಎರಡು ಅಪಾಯಿಂಟ್‌ಮೆಂಟುಗಳು ಒಂದರ ಮೇಲೊಂದು ಬೀಳಬಾರದು. ವೈದ್ಯರು ಮತ್ತು ಆರಂಭದ ಸಮಯ ಸೇರಿ ಅನನ್ಯವಾಗಿರಬೇಕೆಂದರೆ ಸಾಲದು. 10:00ರಿಂದ 10:20ರವರೆಗಿನದೂ 10:10ಕ್ಕೆ ಆರಂಭವಾಗುವುದೂ ಆ ನಿರ್ಬಂಧವನ್ನು ದಾಟಿಹೋಗುತ್ತವೆ. ನಾನು ಬಳಸಿದ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ನಲ್ಲಿ ಕಾಲಾವಧಿಗಳ ಮೇಲೆ ಎಕ್ಸ್‌ಕ್ಲೂಷನ್ ನಿರ್ಬಂಧ (ಒಂದರ ಮೇಲೊಂದು ಬೀಳುವ ಸಾಲುಗಳನ್ನು ಒಪ್ಪದ ನಿಯಮ) ಹಾಕಿ ಇದನ್ನು ತಡೆದೆ. ಅದನ್ನು ಅಪಾಯಿಂಟ್‌ಮೆಂಟಿಗಷ್ಟೇ ಹಾಕಿದೆನೇ ಹೊರತು ಭೇಟಿಗೆ ಹಾಕಲಿಲ್ಲ, ಏಕೆಂದರೆ ಆ ತಾಯಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಒಟ್ಟಿಗೇ ವೈದ್ಯರ ಕೋಣೆಯೊಳಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೆ.