ಮಲೆನಾಡಿನ ಮಳೆಯಲ್ಲಿ ತೋಟೆ ಕಾಪಾಡಿಕೊಳ್ಳುವುದು

ಕೋವಿಯ ತೋಟೆ, ಅಂದರೆ ಮದ್ದು, ಚರೆ (ಸಣ್ಣ ಗುಂಡು) ತುಂಬಿದ ಕಾಡತೂಸು, ವಯಸ್ಸಾಗಿ ಕೆಡುವುದಕ್ಕಿಂತ ಇಟ್ಟ ಜಾಗದಿಂದಾಗಿ ಕೆಡುವುದೇ ಹೆಚ್ಚು. ತೀರ್ಥಹಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನೊಳಗಿನ ಸೀರೆಗೆ ಕೂಡ ಬೂಷ್ಟು ಹಿಡಿಯುತ್ತದೆ. ತೋಟೆಗೊಂದಕ್ಕೆ ರಿಯಾಯಿತಿ ಎಲ್ಲಿಂದ ಬರಬೇಕು? ನನ್ನದು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಹನ್ನೆರಡು ಬೋರಿನ ಜೋಡು ನಳಿಗೆ ಕೋವಿ. ಬೋರ್ ಅಂದರೆ ನಳಿಗೆಯ ಒಳಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣ. ಅಡಿಕೆ, ಬಾಳೆಗೆ ನುಗ್ಗುವ ಮಂಗಗಳನ್ನು ಓಡಿಸಲು ಗಾಳಿಗೆ ಒಂದು ಈಡು ಹೊಡೆಯುವುದಷ್ಟೇ ಅದರ ಕೆಲಸ. ಹೀಗಾಗಿ ತೋಟೆ ಖರ್ಚಾಗುವುದು ಕಡಿಮೆ, ಮನೆಯಲ್ಲಿ ಕೂತಿರುವ ಕಾಲ ಜಾಸ್ತಿ.

ತೋಟೆಯೊಳಗಿನ ಹೊಗೆರಹಿತ ಮದ್ದು ತಂಪಾದ, ಒಣ ಜಾಗದಲ್ಲಿದ್ದರೆ ದಶಕಗಟ್ಟಲೆ ಬಾಳುತ್ತದೆ. ಮೊದಲು ಸೋಲುವುದು ಹೊರಗಿನ ಕವಚ. ಹಳೇ ಕಾಗದದ ತೋಟೆ ಬಳಸಿದವರಿಗೆ ಗೊತ್ತು, ಮಳೆಗಾಲದಲ್ಲಿ ಥಂಡಿ ಹೀರಿ ಉಬ್ಬಿ, ನಳಿಗೆಯೊಳಗೆ ಅರ್ಧ ಹೋಗಿ ನಿಂತುಬಿಡುತ್ತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪ್ಲಾಸ್ಟಿಕ್ ಕವಚ ಬಂದಮೇಲೆ ಆ ರಗಳೆ ತಪ್ಪಿತು. ಆದರೆ ಬುಡದ ಲೋಹ, ಅದರ ನಡುವೆ ಇರುವ, ಪೆಟ್ಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಕೇಪು ಇವೆರಡಕ್ಕೂ ಈಗಲೂ ಥಂಡಿಯೇ ಶತ್ರು.

ನಮ್ಮಲ್ಲಿ ಒಣಗಿರಬೇಕಾದದ್ದೆಲ್ಲ ಒಲೆ ಮೇಲಿನ ಅಟ್ಟ ಸೇರುತ್ತದೆ. ತೋಟೆಯನ್ನೂ ಅಲ್ಲಿಗೇ ಏರಿಸುವ ಮನೆಗಳಿವೆ. ನಾನು ಇಡುವುದಿಲ್ಲ. ಬೆಂಕಿಯ ಭಯ ಹಾಗಿರಲಿ, ದಿನಾ ಕಾದು ದಿನಾ ತಣಿಯುವ ಜಾಗದಲ್ಲಿ ಮದ್ದಿನ ಆಯಸ್ಸೇ ಕುಗ್ಗುತ್ತದೆ. ಏಪ್ರಿಲ್ ಬಿಸಿಲಿಗೆ ಕಾಯುವ ಹಂಚಿನ ಕೆಳಗಿನ ಉಪ್ಪರಿಗೆಯದೂ ಅದೇ ಕಥೆ. ಫ್ರಿಜ್‌ನಲ್ಲಿ ಇಡಬಹುದಲ್ಲ ಎಂದು ಕೇಳಿದವರೂ ಇದ್ದಾರೆ. ಹೊರಗೆ ತೆಗೆದ ಕೂಡಲೇ ತೋಟೆ ಬೆವರುತ್ತದೆ, ಬೇಡ.

ಯಾರೂ ಅಷ್ಟಾಗಿ ಯೋಚಿಸದ ಇನ್ನೊಂದು ಶತ್ರು ಕೊಟ್ಟಿಗೆ. ಹಳೇ ಮನೆಗಳಲ್ಲಿ ಕೊಟ್ಟಿಗೆಗೂ ಕೋವಿ ಇಡುವ ಕೋಣೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಬಾಗಿಲು ತೆಗೆದಾಗ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದು ಅಮೋನಿಯಾ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಮದ್ದುಗುಂಡು ದಾಸ್ತಾನು ಮಾಡುತ್ತಿತ್ತು. ಆಮೇಲೆ ತೆಗೆದು ನೋಡಿದರೆ ಹಿತ್ತಾಳೆ ಕವಚಗಳು ತಾವಾಗಿಯೇ ಸೀಳು ಬಿಟ್ಟಿರುತ್ತಿದ್ದವು. ಇದರ ಗುಟ್ಟು ಬಿಡಿಸಿ ಹೇಳಿದ್ದು 1921ರಲ್ಲಿ. ಹಿತ್ತಾಳೆಯನ್ನು ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಒಂದು ಬಿಗಿತ ಉಳಿದುಬಿಡುತ್ತದೆ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ ಸೇರಿ ಅದರ ತಾಮ್ರವನ್ನು ತಿನ್ನುತ್ತವೆ, ಬಿಗಿತವಿದ್ದ ಕಡೆ ಲೋಹ ಬಾಯಿಬಿಡುತ್ತದೆ. ಕವಚವನ್ನು ಹದವಾಗಿ ಕಾಯಿಸಿದರೆ ಬಿಗಿತ ಸಡಿಲುತ್ತದೆ ಎಂಬ ಪರಿಹಾರವೂ ಸಿಕ್ಕಿತು. ಅದು ಕಾರ್ಖಾನೆಯವರ ಕೆಲಸ, ಮನೆಯದಲ್ಲ. ನನ್ನ ಪಾಲಿಗೆ ಬಂದದ್ದು ಇಷ್ಟೇ: ಕುದುರೆಯಾದರೇನು, ದನವಾದರೇನು, ಕಪಾಟನ್ನು ಕೊಟ್ಟಿಗೆ ಕಡೆಯ ಗೋಡೆಯಿಂದ ಮನೆಯ ನಡುಕೋಣೆಗೆ ತಂದೆ. ಗೊಬ್ಬರದ ಚೀಲ, ಪೆಟ್ರೋಲ್ ಕ್ಯಾನು, ಔಷಧಿ ಡಬ್ಬ ಯಾವುದಕ್ಕೂ ಆ ಕೋಣೆಯಲ್ಲಿ ಜಾಗವಿಲ್ಲ.

ಡಬ್ಬಿಗೆ ತುಂಬುವ ಕೆಲಸ ಮಳೆಗಾಲದಲ್ಲಿ ಮಾಡಬಾರದು. ಆಗಿನ ಗಾಳಿಯೇ ಚಂಡಿ, ಅದನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಫೆಬ್ರವರಿಯ ಒಣ ಮಧ್ಯಾಹ್ನ ನೋಡಿ, ಕೈಬೆವರು ಒರೆಸಿಕೊಂಡು ಕೂರುತ್ತೇನೆ. ಸುತ್ತ ರಬ್ಬರ್ ಇರುವ, ನಾಲ್ಕೂ ಕಡೆ ಕೊಂಡಿ ಹಾಕುವ ಪ್ಲಾಸ್ಟಿಕ್ ಡಬ್ಬಿ ಸಾಕು. ತಂದ ಡಬ್ಬಿಯೊಳಗೆ ಮೊದಲು ಒಂದು ಹಾಳೆ ಕಾಗದ ಹಾಕಿ, ಮುಚ್ಚಿ, ಬಕೆಟ್ ನೀರಿನಲ್ಲಿ ಅದುಮಿ ಹಿಡಿಯುತ್ತೇನೆ. ಕಾಗದ ಒಂದು ಮೂಲೆಯಲ್ಲಿ ಒದ್ದೆಯಾದರೂ ಆ ಡಬ್ಬಿ ಹುಣಸೆಹಣ್ಣಿಗೆ ಹೋಗುತ್ತದೆ. ತೋಟೆಯನ್ನು ಕಂಪನಿಯ ರಟ್ಟಿನ ಪೆಟ್ಟಿಗೆ ಸಮೇತ ಇಡುವುದು ಒಳ್ಳೆಯದು. ಚರೆಯ ನಂಬರು, ತಯಾರಾದ ಬ್ಯಾಚಿನ ಗುರುತು ಅದರ ಮೇಲಿರುತ್ತದೆ. ಕೊಂಡ ತಿಂಗಳನ್ನು ಪೆನ್ಸಿಲ್ಲಿನಲ್ಲಿ ಬರೆದು, ಹಳತನ್ನು ಮೇಲಿಡುತ್ತೇನೆ. ಜೊತೆಗೆ ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದು. ತೇವ ಕುಡಿದಾಗ ಹಸಿರಾಗುತ್ತದೆ. ಆಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಾಳುಗಳನ್ನು ಕಿತ್ತಳೆ ತಿರುಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕುವುದು. ಆ ಬಾಣಲೆ ಮತ್ತೆ ಅಡುಗೆಗಿಲ್ಲ. ಕೆಲವರು ಉಪ್ಪಿನ ಪೊಟ್ಟಣ ಇಡುತ್ತಾರೆ. ಉಪ್ಪು ನೀರೊಡೆದು ಲೋಹಕ್ಕೆ ತಾಗಿದರೆ ಥಂಡಿಗಿಂತ ಬೇಗ ಕೆಲಸ ಕೆಡಿಸುತ್ತದೆ.

ಕೋವಿಗೆ ಎಣ್ಣೆ ಬೇಕು, ತೋಟೆಗೆ ಬೇಡ. ತೆಳು ಎಣ್ಣೆ ಕೇಪಿನ ಸಂದಿಯಲ್ಲಿ ಇಳಿದು ಒಳಗಿನ ಮದ್ದನ್ನು ನಿರ್ಜೀವ ಮಾಡುತ್ತದೆ. ಕೋವಿ ಒರೆಸಿದ ಕೈಯಲ್ಲಿ ತೋಟೆ ಮುಟ್ಟುವುದೂ ಒಳ್ಳೆಯದಲ್ಲ. ಚರ್ಮದ ಪಟ್ಟಿ ನೋಡಲು ಚೆಂದ, ಆದರೆ ತಿಂಗಳುಗಟ್ಟಲೆ ಅದರಲ್ಲೇ ಬಿಟ್ಟ ತೋಟೆಯ ಬುಡಕ್ಕೆ ಹಸಿರು ಕಿಲುಬು ಏಳುತ್ತದೆ.

ಇನ್ನು ಬೀಗ. ಕೋವಿ ಒಂದು ಕಪಾಟಿನಲ್ಲಿ, ತೋಟೆ ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ಕೀಲಿ ಮೊಳೆಗೆ ತೂಗುಹಾಕುವ ಪದ್ಧತಿ ನಮ್ಮಲ್ಲಿಲ್ಲ. ರಜೆಗೆ ಬರುವ ಮೊಮ್ಮಕ್ಕಳಿಗೆ ಮನೆಯ ಯಾವ ಮೊಳೆ ಎಲ್ಲಿದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತು. ಲೈಸೆನ್ಸಿನಲ್ಲಿ ಬರೆದಿರುವ ಮಿತಿಗಿಂತ ಒಂದು ತೋಟೆಯೂ ಹೆಚ್ಚಿರಬಾರದು. ನಾನು ಮಿತಿಯಷ್ಟೂ ಕೊಳ್ಳುವುದಿಲ್ಲ, ಒಂದು ಬೆಳೆಗಾಲಕ್ಕೆ ಬೇಕಾದಷ್ಟೇ. ಖರ್ಚು-ಉಳಿಕೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಚುನಾವಣೆ ಬಂದು ಕೋವಿ ಠೇವಣಿ ಇಡುವಾಗ ಲೆಕ್ಕಕ್ಕೆ ತಡಕಾಡಬೇಕಿಲ್ಲ.

ಬೇರೆ ಬೋರಿನ ತೋಟೆ ಆ ಕಪಾಟಿನೊಳಗೆ ಬರಲೇಕೂಡದು. ಪಕ್ಕದ ಮನೆಯವರದು ಇಪ್ಪತ್ತು ಬೋರ್. "ಗೌಡ್ರೇ, ಒಂದು ಪೆಟ್ಟಿಗೆ ನಿಮ್ಮಲ್ಲೇ ಇರ್ಲಿ" ಎಂದಾಗ ಆಗುವುದಿಲ್ಲ ಎಂದೆ. ಇನ್ನೊಬ್ಬರ ತೋಟೆ ಇಟ್ಟುಕೊಳ್ಳುವುದು ಕಾನೂನಿಗೇ ವಿರುದ್ಧ. ಅದೂ ಅಲ್ಲದೆ, ಇಪ್ಪತ್ತು ಬೋರಿನ ತೋಟೆ ಹನ್ನೆರಡರ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಎಂದುಕೊಂಡು ಹಿಂದಿನಿಂದ ಹನ್ನೆರಡು ಬೋರಿನದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಅದೂ ಎಡಗೈ ಹಿಡಿದ ಜಾಗದ ಹತ್ತಿರ.

ಮಳೆಗಾಲ ಮುಗಿದ ಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತೇನೆ. ಬುಡದಲ್ಲಿ ಕಿಲುಬು, ಕವಚದಲ್ಲಿ ಬಿರುಕು, ಬಾಯಿ ಸಡಿಲ ಕಂಡರೆ ಆ ತೋಟೆ ಕೋವಿಗೆ ಏರುವುದಿಲ್ಲ. ಅದನ್ನು ಉಜ್ಜುವುದು, ಬಿಸಿಲಿಗೆ ಇಡುವುದು, ಬಿಚ್ಚಿ ಮದ್ದು ತೆಗೆಯುವುದು, ಹೊಳೆಗೆ ಎಸೆಯುವುದು ಯಾವುದೂ ಇಲ್ಲ. ಲೈಸೆನ್ಸ್ ಪುಸ್ತಕ ಹಿಡಿದು ಕೋವಿ ಅಂಗಡಿಯಲ್ಲಿ ವಿಚಾರಿಸುತ್ತೇನೆ. ಅವರು ತೆಗೆದುಕೊಳ್ಳದಿದ್ದರೆ ಠಾಣೆಗೆ ಬರೆದುಕೊಟ್ಟು ಒಪ್ಪಿಸಿ, ಸಹಿ ಹಾಕಿಸಿಕೊಂಡು ಬರುತ್ತೇನೆ.