ಕನ್ನಡಿ ಬಿಟ್ಟು ಬಚ್ಚಲಿಗೆ ಬಂದ ಮೇಲೆ

ಕ್ಯಾನ್ಸರಿಗೆ ಸ್ತನದ ಆಪರೇಶನ್ ಆದ ಹೆಂಗಸರು ಬದಲಾದ ಮೈಯನ್ನು ಒಪ್ಪಿಕೊಳ್ಳಲಿ ಅಂತ ಕನ್ನಡಿ ಮುಂದೆ ನಿಲ್ಲುವ ಅಭ್ಯಾಸ ಕೊಡುವುದು ನಮ್ಮಂಥ ಆಪ್ತಸಮಾಲೋಚಕರಿಗೆಲ್ಲ ಗೊತ್ತಿದ್ದದ್ದೇ. ತರಬೇತಿಯಲ್ಲಿ ನಾನೂ ಅದನ್ನೇ ಕಲಿತೆ. ಹುಬ್ಬಳ್ಳಿಯಲ್ಲಿ ಕುಳಿತು ಒಂದೆರಡು ವರ್ಷ ಅದನ್ನೇ ಹೇಳಿದೆ. ಹತ್ತರಲ್ಲಿ ಏಳೆಂಟು ಮಂದಿ ಮಾಡಲೇ ಇಲ್ಲ.

ಅವರಿಗೆ ಜಾಗವೇ ಇರಲಿಲ್ಲ. ಕುಂದಗೋಳ, ಶಿಗ್ಗಾವಿ ಕಡೆ ಎಷ್ಟೋ ಮನೆಗಳಲ್ಲಿ ದೊಡ್ಡ ಕನ್ನಡಿ ಅಂದರೆ ತಿಜೋರಿ ಬಾಗಿಲಿನದು. ಆ ಕೋಣೆಯಲ್ಲೇ ಅತ್ತೆ ಮಲಗಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ. ಅಲ್ಲಿ ಜಂಪರ್ ಬಿಚ್ಚಿ ನಿಲ್ಲೋದು ಹೇಗೆ? ಒಳಗಿನಿಂದ ಚಿಲಕ ಹಾಕಿಕೊಳ್ಳೋಕೆ ಆಗೋದು ಬಚ್ಚಲಲ್ಲಿ ಮಾತ್ರ. ಹೋಮ್‌ವರ್ಕ್ ಅಲ್ಲಿಗೇ ಒಯ್ದೆ.

ಗಾಯ ಪೂರ್ತಿ ಮಾಯ್ದು, ಸರ್ಜನ್ ಹೂಂ ಅಂದ ಮೇಲೆಯೇ ಶುರು. ಬಹಳ ಜನ ಲಂಗವನ್ನು ಎದೆಗೆ ಕಟ್ಟಿಕೊಂಡು ಆ ಕಡೆಗೆ ಸುಮ್ನೆ ನೀರು ಸುರಿದುಕೊಂಡು ಬರುತ್ತಾರೆ. ಮೊದಲ ವಾರ ಲಂಗದ ಮೇಲಿಂದಲೇ ಅಂಗೈ ಇಡಬೇಕು. ಆಮೇಲೆ ಅಂಗೈಯಲ್ಲಿ ಸೋಪು. ನೋಡೋದು ಕೊನೆಗೆ, ಅದೂ ಕತ್ತು ಬಗ್ಗಿಸಿ ಒಂದು ಸಲ. ಮುಂದಿನ ಭೇಟಿಯಲ್ಲಿ ಕೈಗೆ ಏನು ಸಿಕ್ಕಿತು ಅಂತ ಹೇಳಬೇಕು. ಬಿಸಿ, ತಣ್ಣಗೆ, ನಯ, ಗಂಟು, ಇಂಥವು ಮಾತ್ರ. 'ಅಸಹ್ಯ' ಅಂದರೆ, ಆ ಮಾತು ಮೊದಲು ಯಾರ ಬಾಯಿಂದ ಬಂತು ಅಂತ ಕೇಳುತ್ತೇನೆ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ನವಲಗುಂದದ ಕಡೆಯ ಒಬ್ಬರು ತಿಂಗಳುಗಟ್ಟಲೆ ಮುಟ್ಟಿಕೊಂಡಿರಲಿಲ್ಲ. ಕೆದಕಿದಾಗ ಹೊರಬಂತು: "ಮುಟ್ಟಿದ್ರ ಮತ್ತ ಗಡ್ಡಿ ಆಗತೈತಂತ ನಮ್ಮತ್ತಿ ಅಂದಾರ್ರೀ." ನಾವು ನಾಚಿಕೆ ಅಂದುಕೊಂಡಿದ್ದು, ಗಡ್ಡೆ ಮತ್ತೆ ಬರುತ್ತದೆ ಅನ್ನೋ ಹೆದರಿಕೆ. ಅದಾದ ಎರಡನೇ ಭೇಟಿಗೆ ಬಂದು, "ಬಗಲಾಗ ಜುಮ್ಮ ಅಂತೈತ್ರೀ ಅಕ್ಕಾರ, ನಡುವ ಏನೂ ಗೊತ್ತಾಗೂದಿಲ್ಲ" ಅಂದರು. ನರ ಕತ್ತರಿಸಿದ ಜಾಗ ಜೋಮು ಹಿಡಿಯೋದು ಸಹಜ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

"ಜೀವಾ ಉಳದೈತಲ್ರೀ ಮೇಡಂ, ಇನ್ನೇನ್ ಬೇಕು?" ಅಂತ ಒಬ್ಬ ಸರ್ಜನ್ ಕೇಳಿದ್ದರು. ನಮ್ಮವರೇ ಒಬ್ಬರು, "ಜಳಕಾ ಮಾಡ್ಸೋದೂ ಥೆರಪಿನಾ?" ಅಂತ ನಕ್ಕಿದ್ದರು. ತಮ್ಮ ಮೈ ಬಗ್ಗೆ ಎಷ್ಟು ಸಂಕಟ ಇದೆ ಅಂತ ನೋಡುವ ಹಾಪ್‌ವುಡ್ ಅವರ 10 ಪ್ರಶ್ನೆಗಳ ಅಳತೆಯಲ್ಲಿ (ಅಂಕ ಹೆಚ್ಚಿದಷ್ಟೂ ಸಂಕಟ ಹೆಚ್ಚು), 30ಕ್ಕೆ 20ರ ಸುತ್ತ ಇದ್ದವರು ಈಗ ಹೆಚ್ಚುಕಡಿಮೆ 8, 9ಕ್ಕೆ ಇಳಿಯುತ್ತಾರೆ. ನಕ್ಕವರೇ ಈಗ ತಮ್ಮ ಕೇಸು ಕಳಿಸುತ್ತಾರೆ. ಐದನೇ ಭೇಟಿಗೆ ಗಂಡನನ್ನು ಒಳಗೆ ಕರೆದು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಬಂದವರಿಗೆ ಹೇಳಿಕೊಡುತ್ತೇನೆ. ನಿದ್ದೆ ಪೂರ್ತಿ ಕೆಟ್ಟವರನ್ನು, ಸಾಯೋ ಮಾತಾಡುವವರನ್ನು ಮಾತ್ರ ನಾನು ಇಟ್ಟುಕೊಳ್ಳಲ್ಲ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತೇನೆ.

ದುಡ್ಡಿನ ವಿಷಯ. ವಿದ್ಯಾನಗರದ ಕೋಣೆಗೆ ಬಾಡಿಗೆ ಸುಮಾರು 7,000. ಫೀಸು 200, ಅದನ್ನೂ ಎಲ್ಲರ ಹತ್ತಿರ ಕೇಳೋಕಾಗಲ್ಲ. ಮೊದಲ ವರ್ಷ ಪೂರ್ತಿ ಕೈಯಿಂದ ಹೋಯಿತು. ಆಗ ಮೂರನೇ ಭೇಟಿಗೆ ಅರ್ಧ ಜನ ತಪ್ಪಿಸಿಕೊಳ್ಳುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ರೋಣದಿಂದಲೂ ತಪ್ಪದೆ ಬರತೊಡಗಿದರು. ನನ್ನ ಯಶಸ್ಸಿನಲ್ಲಿ ಆ ಬಸ್ಸಿನ ಪಾಲು ಜಾಸ್ತಿನೇ ಇದೆ.

ನಡುವೆ, ತೆಗೆದ ಸ್ತನದ ಜಾಗಕ್ಕೆ ಜಂಪರ್ ಒಳಗೆ ಇಟ್ಟುಕೊಳ್ಳುವ ಪ್ಯಾಡಿಗೂ ಕೈ ಹಾಕಿದೆ. ಸಿಲಿಕೋನಿನದಕ್ಕೆ ಸಾವಿರಗಟ್ಟಲೆ ಬೇಕು. ಬರೀ ಹತ್ತಿಯದು ಹಗುರ, ಕೈ ಎತ್ತಿದರೆ ಮೇಲೆ ಸರಿಯುತ್ತದೆ. ಭಾರಕ್ಕೆ ನವಣೆ ತುಂಬಿ ಹೊಲಿಸಿದೆ. ಬೇಸಿಗೆಯಲ್ಲಿ ಬೆವರಿಗೆ ಒದ್ದೆಯಾಗಿ ಹುಳ ಬಿತ್ತು! ಈಗ ನವಣೆ ಬದಲು ಪ್ಲಾಸ್ಟಿಕ್ ಮಣಿ. ದುರ್ಗದಬೈಲ್ ಕಡೆಯ ಟೇಲರ್ ಒಬ್ಬರು 120 ರೂಪಾಯಿಗೆ ಹೊಲಿದುಕೊಡುತ್ತಾರೆ. ತೊಳೆದು ಮತ್ತೆ ಹಾಕಿಕೊಳ್ಳಬಹುದು.

ಗುಟ್ಕಾದಿಂದ ಕ್ಯಾನ್ಸರ್ ಬಂದು ದವಡೆ ತೆಗೆಸಿಕೊಂಡ ಗಂಡಸರಿಗೆ ಬಚ್ಚಲಿನ ದಾರಿ ನಡೆಯಲ್ಲ. ಮುಖವನ್ನು ಊರೆಲ್ಲ ನೋಡುತ್ತದೆ, ಅಲ್ವಾ? ಅವರನ್ನು ಕ್ಷೌರದ ಅಂಗಡಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ ನೋಡುತ್ತಿದ್ದೇನೆ. ಇಬ್ಬರು ಎದ್ದು ಹೋದರು, ಒಬ್ಬರು ಗಡ್ಡ ಮಾಡಿಸಿಕೊಂಡರು.